ಅವನ ಕಂಬಳಿ, ನನ್ನ ಹೊಟ್ಟೆಕಿಚ್ಚು

ನನ್ನ ಸೋದರಮಾವನ ಮಗನಿಗೆ ಹಾಡಲು ಬರುವುದಿಲ್ಲ. ಇದು ನನ್ನ ಮಾತಲ್ಲ, ಸಂಗೀತಶಾಸ್ತ್ರದ ಮಾತು. ಶಾಸ್ತ್ರದ ಪರವಾಗಿ ಮಾತಾಡಲು ನಮ್ಮ ಓಣಿಯಲ್ಲಿ ನಾನೊಬ್ಬನೇ ಇದ್ದೆನಾದ್ದರಿಂದ ಅದು ನನ್ನ ಮಾತಿನಂತೆ ಕೇಳಿಸುತ್ತಿತ್ತು, ಅಷ್ಟೇ! ಕೊಪ್ಪಳದ ಗವಾಯಿಗಳೊಬ್ಬರ ಮನೆಯಲ್ಲಿ ವರ್ಷಗಟ್ಟಲೆ ನೀರು ಹೊತ್ತು, ಬೈಸಿಕೊಂಡು ಹಾರ್ಮೋನಿಯಂ ಕಲಿತವನು ನಾನು. ಅವನು ಯಾರ ಮನೆಯಲ್ಲೂ ಏನನ್ನೂ ಹೊತ್ತವನಲ್ಲ. ಆದರೂ ಜನ ನನ್ನನ್ನು ಕಂಡರೆ ಕೇಳುತ್ತಿದ್ದುದೇನು? "ಗಿಟಾರದವ ಆರಾಮ ಅದಾನೇನ್ರಿ?" ನಾನು ಆರಾಮ ಇದ್ದೇನೋ ಇಲ್ಲವೋ ಎಂಬ ಚಿಂತೆ ಒಬ್ಬರಿಗೂ ಇರಲಿಲ್ಲ. ಅವನ ಹೆಸರನ್ನು ನಾನಿಲ್ಲಿ ಹೇಳುವುದಿಲ್ಲ. ಹೇಳುವವರು ಬೇಕಾದಷ್ಟು ಜನ ಇದ್ದಾರೆ.

ಆ ಗಿಟಾರು ಬಂದ ಕಥೆಯೇ ವಿಚಿತ್ರ. ಎಪ್ಪತ್ತರ ದಶಕದಲ್ಲಿ ಆನೆಗೊಂದಿಯ ಬಂಡೆಗಳ ನಡುವೆ ಉದ್ದ ಕೂದಲಿನ ಬಿಳಿಯರು ಬಂದು ಮಲಗುತ್ತಿದ್ದರಲ್ಲ, ಅಂಥವನೊಬ್ಬ ಚಳಿಗೆ ನಡುಗುತ್ತ ಕೂತಿದ್ದನಂತೆ. ಇವನು ಗಂಗಾವತಿಗೆ ನೂಲು ತರಲು ಹೋದವನು ಅಲ್ಲಿಗೇಕೆ ಹೋದ ಎಂದು ಕೇಳಬೇಡಿ. ಹೆಗಲ ಮೇಲಿದ್ದ ಅಪ್ಪನ ಕಂಬಳಿಯನ್ನು ಅವನಿಗೆ ಹೊದಿಸಿದ, ಅವನು ತನ್ನ ಗಿಟಾರನ್ನು ಇವನ ಕೈಗೆ ಕೊಟ್ಟ. ನೂಲಂತೂ ಬರಲೇ ಇಲ್ಲ! ಭಾಗ್ಯನಗರದ ಮನೆಗೆ ಬಂದಾಗ ನಮ್ಮ ಅತ್ತೆ, ಅಂದರೆ ಅವನ ಅವ್ವ, ಬಾಗಿಲಲ್ಲೇ ನಿಂತಿದ್ದಳು.

"ಕಂಬಳಿ ಎಲ್ಲೋ?"

"ಅದನ್ನ ಕೊಟ್ಟು ಇದನ್ನ ತಂದೆ."

"ಛಲೋ ಆತು. ರಾತ್ರಿ ಅದನ್ನs ಹೊದ್ಕೊಂಡು ಮಲಗು!"

ಹಾಗೇ ಮಲಗಿದನಂತೆ. ಅಪ್ಪಿಕೊಂಡು.

ಕಲಿಸುವವರಿಲ್ಲ. ತಂತಿ ಹರಿದರೆ ಹಾಕಲು ತಂತಿ ಇಲ್ಲ. ಸೈಕಲ್ಲಿನ ಬ್ರೇಕಿನ ತಂತಿ ಬಿಚ್ಚಿ ಬಿಗಿದ. ಅದರ ಪರಿಣಾಮವಾಗಿ ಅವನ ಗಿಟಾರಿಗೆ ಒಂದು ದಪ್ಪ ದನಿ ಬಂತು, ಅವನ ಸೈಕಲ್ಲು ಮಾತ್ರ ನಿಲ್ಲುವುದನ್ನು ಬಿಟ್ಟಿತು. ತಾಳ ಯಾವುದೆಂದು ಕೇಳಿದರೆ, "ಮಗ್ಗದ ತಾಳ" ಎನ್ನುತ್ತಿದ್ದ. ಮನೆಯಲ್ಲಿ ಅಪ್ಪ ಸೀರೆ ನೇಯುವಾಗಿನ ಸದ್ದು ಅವನಿಗೆ ತಾಳ! ಅಪ್ಪ ಎಲೆಯಡಿಕೆ ಹಾಕಿಕೊಳ್ಳಲು ನಿಲ್ಲಿಸಿದರೆ ಹಾಡೂ ನಿಲ್ಲುತ್ತಿತ್ತು. ಇದನ್ನು ಸಂಗೀತ ಎನ್ನುವುದಾದರೆ ನಾನು ಹೊತ್ತ ನೀರೆಲ್ಲ ಏನಾಯಿತು, ಹೇಳಿ?

ಇನ್ನೊಂದು ಹಟ ಇತ್ತು ಅವನಿಗೆ. ಸಿನಿಮಾ ಹಾಡು ಹಾಡುವುದಿಲ್ಲ, ವಚನ ಹಾಡುವುದಿಲ್ಲ, ತಾನು ಕಟ್ಟಿದ್ದನ್ನಷ್ಟೇ ಹಾಡುವವನು. ಗಂಗಾವತಿಯ ಗಣೇಶನ ಪೆಂಡಾಲಿನಲ್ಲಿ ಆರ್ಕೆಸ್ಟ್ರಾ ಇತ್ತು. ಹಾರ್ಮೋನಿಯಂಗೆ ನಾನು. ನನ್ನ ಶಿಫಾರಸಿನಿಂದಲೇ ಅವನಿಗೂ ಒಂದು ಹಾಡಿನ ಅವಕಾಶ ಸಿಕ್ಕಿತ್ತು. ಜನ ಕುಣಿಯಲು ಸಿದ್ಧವಾಗಿ ನಿಂತಿದ್ದರು. ಇವನು ಶುರುಮಾಡಿದ:

"ಬರ್ತೈತಿ ಅಂದ ಬಸ್ಸು ಬರಲಿಲ್ಲ,
ಹೋಗ್ತೀನಿ ಅಂದಾಕಿ ಹೋಗಲಿಲ್ಲ,
ಧೂಳಿಗೂ ಆಕಿಗೂ ದೋಸ್ತಿ ಆತು."

"ಏ, ಸಿನಿಮಾ ಹಾಡು ಹಾಡಲೇ!" ಎಂದು ಹಿಂದಿನಿಂದ ಕೂಗು ಬಂತು. ಸಂಘದವರು ಮೈಕು ಬಂದ್ ಮಾಡಿದರು. ಇವನಿಗೆ ಗೊತ್ತಾಗಲೇ ಇಲ್ಲ! ಕಣ್ಣು ಮುಚ್ಚಿ ಪೂರ್ತಿ ಹಾಡಿದ. ನನಗೆ ಒಳಗೊಳಗೇ ಎಷ್ಟು ಸಂತೋಷವಾಯಿತೆಂದರೆ, ಮುಂದಿನ ಹಾಡಿಗೆ ನನ್ನ ಒಂದು ಸ್ವರವೂ ತಪ್ಪಲಿಲ್ಲ. ಆದರೆ ಕಾರ್ಯಕ್ರಮ ಮುಗಿದ ಮೇಲೆ ಅಕ್ಕಿ ಗಿರಣಿಯ ಲಾರಿ ಡ್ರೈವರ್ ಒಬ್ಬ ವೇದಿಕೆಯ ಹಿಂದೆ ಬಂದ. ಇವನ ಕೈ ಹಿಡಿದುಕೊಂಡು, "ಆಮ್ಯಾಲ ಆಕಿ ಏನಾದ್ಲರಿ?" ಎಂದು ಕೇಳಿದ. ಮುಖದಲ್ಲಿ ನಿಜವಾದ ಕಳವಳ. ನಾನು ಇಷ್ಟು ವರ್ಷ ಭೈರವಿ ನುಡಿಸಿದ್ದೇನೆ, ಆಮೇಲೆ ಏನಾಯಿತೆಂದು ನನ್ನನ್ನು ಯಾರೂ ಕೇಳಿಲ್ಲ.

ಹಾಡುಗಾರನಾಗಿ ಸೋತವನು ಹೆಸರು ಮಾಡಿದ್ದು ಒಡಪಿನಲ್ಲಿ. ನಮ್ಮ ಕಡೆ ಹೊಸ ಸೊಸೆ ಹೊಸ್ತಿಲು ದಾಟುವಾಗ ಹೆಂಗಸರು ಅಡ್ಡ ನಿಂತು ಗಂಡನ ಹೆಸರು ಕೇಳುತ್ತಾರೆ. ಅವಳು ಅದನ್ನು ಪ್ರಾಸಕಟ್ಟಿ ಎರಡೋ ನಾಲ್ಕೋ ಸಾಲಿನಲ್ಲಿ ಹೇಳಬೇಕು, ಅದೇ ಒಡಪು. ಬೆಳ್ಳಿ ತಟ್ಟೆ, ಮಲ್ಲಿಗೆ ಮೊಗ್ಗು ಅಂತ ಅಜ್ಜಿಯರು ಕಲಿಸುವುದು ವಾಡಿಕೆ. ಮಗ್ಗದ ಓಣಿಯ ಹುಡುಗಿಯೊಬ್ಬಳು ಅಜ್ಜಿಯನ್ನು ಬಿಟ್ಟು ಇವನ ಬಳಿ ಬಂದಳು. "ಅಣ್ಣಾ, ನನಗೊಂದು ಕಟ್ಟಿಕೊಡೋ."

ಇವನು ಕೇಳಿದ್ದು ಒಂದೇ ಪ್ರಶ್ನೆ. "ಹುಡುಗ ಏನ್ ಕೆಲಸ ಮಾಡ್ತಾನ?"

ಹುಡುಗ ಬಸ್ಸಿನ ಕಂಡಕ್ಟರ್. ಅವಳು ಕುಷ್ಟಗಿಯ ಅತ್ತೆಮನೆ ಹೊಸ್ತಿಲಲ್ಲಿ ನಿಂತು ಹೇಳಿದಳಂತೆ:

"ಬಸ್ಸು ಕೆಟ್ಟು ನಿಂತರೂನು ಕಿಸೆದಾಗ ಸೀಟಿ ಐತಿ,
ಕರಿಬಸಪ್ಪನ ಬಾಜೂಕ ನನಗೊಂದು ಸೀಟ ಐತಿ."

ಮದುಮಗನ ಅಜ್ಜಿ ಬಿದ್ದು ಬಿದ್ದು ನಕ್ಕು, "ಇಕಿಗೆ ಟಿಕೀಟ ಹರಿದು ಒಳಗ ಬಿಡ್ರೆ!" ಎಂದಳಂತೆ. ಅಲ್ಲಿಂದ ಹನುಮಸಾಗರದವರೆಗೆ ಯಾವ ಮದುವೆ ನಿಶ್ಚಯವಾದರೂ ಹುಡುಗಿಯರು ಭಾಗ್ಯನಗರದ ದಾರಿ ಹಿಡಿದರು.

ಈಗ ನನ್ನ ಮದುವೆಗೆ ಬರೋಣ. ನನ್ನ ಹೆಂಡತಿ ಕುಕನೂರಿನವಳು. ನಮ್ಮ ಬಾಗಿಲಲ್ಲಿ ಹೆಂಗಸರು ಅಡ್ಡ ನಿಂತಾಗ, ತಲೆ ಎತ್ತಿ ಗಟ್ಟಿಯಾಗಿ ಹೇಳಿದಳು:

"ಸೀಮಿಎಣ್ಣಿ ಸಾಲಿನ್ಯಾಗ ನಿಂತು ಕಾಲು ಸೋತಾವ,
ಹಾರ್ಮೋನಿಯಂ ಪೆಟಗಿ ಮ್ಯಾಲ ಎರಡು ಗುಬ್ಬಿ ಕೂತಾವ,
ದಾರಿ ಬಿಡ್ರೆವ್ವಾ, ಒಳಗ ಹೋಗಿ ಗುಬ್ಬಿ ಓಡಸ್ತೀನಿ,
ಸಿದ್ದಲಿಂಗರಾಯರ ಕೈಲೆ ಒಂದು ಹಾಡು ಹಾಡಸ್ತೀನಿ."

ಮನೆ ತುಂಬ ನಗು! ನಾನೋ, ಉಬ್ಬಿಹೋದೆ. ಎಂಥ ಜಾಣೆ ನನ್ನ ಹೆಂಡತಿ! ಸಂಜೆ ಮೆಲ್ಲಗೆ ಕೇಳಿದೆ, "ಯಾರು ಕಲಿಸಿದ್ರು?"

"ಮತ್ಯಾರು? ಗಿಟಾರದ ಅಣ್ಣಾರು."

ಮುಗಿಯಿತು. ನನ್ನ ಹೆಸರಿರುವ ಪ್ರಪಂಚದ ಏಕೈಕ ಹಾಡು, ಅದೂ ಅವನದೇ! ಸೀಮಂತಕ್ಕೆ, ನಾಮಕರಣಕ್ಕೆ, ಹೆಂಗಸರು ಕೇಳಿದಾಗಲೆಲ್ಲ ಅವಳು ಅದನ್ನೇ ಹೇಳಿದಳು. ಬೇರೆ ಹೇಳು ಎಂದರೆ, "ನೀವು ಕಟ್ಟಿಕೊಡ್ರಿ, ಹೇಳ್ತೀನಿ" ಎನ್ನುತ್ತಿದ್ದಳು. ಕೂತು ನೋಡಿದೆ. ಸರಿಗಮ ಬಂತು, ಮಾತು ಬರಲಿಲ್ಲ. ಅವಳು ನನ್ನ ಹಾಡೊಂದನ್ನು ಒಮ್ಮೆ, ಒಂದೇ ಒಂದು ಸಲ ಗುನುಗಿದರೆ ಸಾಕಿತ್ತು ನನಗೆ. ಕಟ್ಟಿದ ಹಾಡೇ ಇಲ್ಲದಿದ್ದರೆ ಏನನ್ನು ಗುನುಗಿಯಾಳು?

ಎಂಬತ್ತರ ದಶಕ ಬಂತು, ಕ್ಯಾಸೆಟ್ಟುಗಳು ಬಂದವು. ಇವನೂ ಒಂದನ್ನು ಮಾಡಿಸಿ ಯಲಬುರ್ಗಾ ಬಸ್ಸಿನ ಡ್ರೈವರಿಗೆ ಕೊಟ್ಟ. ಡ್ರೈವರ್ ಪಾಪ, ಹಾಕಿದ. ಬರುತ್ತೇನೆಂದು ಬಾರದ ಬಸ್ಸಿನ ಹಾಡು ಶುರುವಾಯಿತು, ಎರಡನೇ ಸಾಲಿಗೆ ಇವರ ಬಸ್ಸು ಕೆಟ್ಟು ನಿಂತಿತು! ಆಮೇಲೆ ಆ ಕ್ಯಾಸೆಟ್ಟನ್ನು ಯಾವ ಡ್ರೈವರೂ ಮುಟ್ಟಲಿಲ್ಲ. ಆದರೆ ಕೆಟ್ಟ ಬಸ್ಸಿನಲ್ಲಿ ಯಲಬುರ್ಗಾದ ಸಾಲಿ ಅಕ್ಕೋರು, ಅಂದರೆ ಶಾಲೆಯ ಟೀಚರು, ಒಬ್ಬರು ಕೂತಿದ್ದರು. ಎಲ್ಲರೂ ಇಳಿದು ಬಸ್ಸಿಗೆ ಬೈಯುತ್ತಿದ್ದಾಗ ಅವರೊಬ್ಬರೇ ಒಳಗೆ ಕೂತು ಹಾಡು ಪೂರ್ತಿ ಕೇಳಿದರಂತೆ. ಮುಂದಿನ ವರ್ಷ ಅವರೊಂದಿಗೇ ಇವನ ಮದುವೆ. ನೋಡಿ, ಬಸ್ಸು ಕೆಟ್ಟರೂ ಇವನಿಗೆ ಒಳ್ಳೆಯದೇ ಆಗುತ್ತದೆ!

ಮದುಮಗಳನ್ನು ಮನೆ ತುಂಬಿಸಿಕೊಳ್ಳುವ ದಿನ ಭಾಗ್ಯನಗರದ ಆ ಓಣಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅವನ ಒಡಪು ಹೇಳಿ ಹೊಸ್ತಿಲು ದಾಟಿದ ಹೆಂಗಸರೆಲ್ಲ ಮಕ್ಕಳನ್ನು ಎತ್ತಿಕೊಂಡು ಬಂದಿದ್ದರು. ಊರಿಗೆಲ್ಲ ಕಟ್ಟಿಕೊಟ್ಟವನು ತನ್ನ ಹೆಂಡತಿಗೆ ಇನ್ನೆಂಥದು ಕಟ್ಟಿರಬೇಡ!

"ಹೇಳ್ರಿ ಅಕ್ಕೋರ, ಹೆಸರು ಹೇಳ್ರಿ!"

ಅಕ್ಕೋರು ಅವನ ಕಡೆ ನೋಡಿದರು. "ನನಗೇನೂ ಕೊಟ್ಟಿಲ್ರಿ ಇವರು."

ನಗು ನಿಂತಿತು. ಇವನ ಮುಖ ಬಿಳುಪೇರಿತ್ತು. ಬಾಜೂಕೆ ನಿಂತಿದ್ದ ನನ್ನ ಕೈ ಹಿಡಿದು ಪಿಸುಗುಟ್ಟಿದ: "ದಿನಾ ಕುಂತು ನೋಡೀನಲೇ ಸಿದ್ಯಾ. ನನ್ನ ಹೆಸರು ಬಂತಂದ್ರ ಮಾತs ಬರವಲ್ದು. ನಾ ಹೆಂಗದೀನಿ ಅಂತ ನನಗ ಕಾಣವಲ್ದು."

ನನಗೆ ಕಾಣುತ್ತಿತ್ತು! ಅಷ್ಟು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಅವನನ್ನು ನೋಡಿದವರು ನನ್ನನ್ನು ಬಿಟ್ಟು ಇನ್ನಾರಿದ್ದರು? ಅವನ ಅವ್ವ ಕೂಡ ಅಷ್ಟು ನೋಡಿರಲಾರಳು. ಕಂಬಳಿಯಿಂದ ಹಿಡಿದು ಬ್ರೇಕಿನ ತಂತಿಯವರೆಗೆ ಒಂದೊಂದೂ ನನ್ನ ಹೊಟ್ಟೆಯಲ್ಲಿತ್ತು. ಹೆಂಡತಿಯನ್ನು ಹತ್ತಿರ ಕರೆದು ಕಿವಿಯಲ್ಲಿ ಹೇಳಿದೆ. ಅವಳು ನನ್ನನ್ನು ಒಂದು ಕ್ಷಣ ನೋಡಿದಳು. ಆಮೇಲೆ ಹೋಗಿ ಅಕ್ಕೋರ ಕಿವಿಯಲ್ಲಿ ಹೇಳಿದಳು. ಅಕ್ಕೋರು ತರಗತಿಯಲ್ಲಿ ಪಾಠ ಓದುವಂತೆ ನಿಧಾನವಾಗಿ ಹೇಳಿದರು:

"ಮೈಮ್ಯಾಲಿನ ಕಂಬಳಿ ಕೊಟ್ಟು ಗಿಟಾರ ತಂದಾರ,
ಊರಿಗೆಲ್ಲಾ ಹಾಡು ಹಂಚಿ ಬರಿಗೈಲೆ ಬಂದಾರ,
ಹಾದಿ ಬಿಡ್ರೆವ್ವಾ, ಹೊದಿಸಾಕ ಕಂಬಳಿ ತಂದೀನಿ,
…ರಾಯರ ಹಾಡು ಕೇಳಾಕ ನಾನೂ ಬಂದೀನಿ."

ಹೆಸರಿನ ಜಾಗ ಖಾಲಿ ಬಿಟ್ಟಿದ್ದೇನೆ. ಅದನ್ನು ಹೇಳುವ ಹಕ್ಕು ಅವರದು. ತಂದಾರ ಬಂದಾರ, ತಂದೀನಿ ಬಂದೀನಿ! ಅದಕ್ಕಿಂತ ಹೆಚ್ಚಿನ ಪ್ರಾಸ ನನ್ನ ಬಳಿ ಇರಲಿಲ್ಲ. ಆದರೂ ಯಾರೂ ನಗಲಿಲ್ಲ. ನಮ್ಮ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಬಾರವ್ವ ಒಳಗ. ಈ ಮನಿಯಾಗ ಚಳಿ ಭಾಳ ದಿನದಿಂದ ಐತಿ" ಎಂದಳು.

ಅವನು ನನ್ನ ಕೈ ಬಿಟ್ಟಿರಲಿಲ್ಲ. ಅವನ ಕಣ್ಣು ತುಂಬಿತ್ತು.

"ಇದು ನಾ ಕಟ್ಟಬೇಕಾಗಿತ್ತಲೇ," ಎಂದ. "ನಿನ್ನ ನೋಡಿ ಹೊಟ್ಟೆಕಿಚ್ಚು ಆಗಾಕತ್ತೈತಿ."

ಎಷ್ಟು ವರ್ಷ ಕಾದಿದ್ದೆ ಈ ಮಾತಿಗೆ! ಕುಣಿಯಬೇಕಿತ್ತು ನಾನು. ಅವನನ್ನು ಅಪ್ಪಿಕೊಂಡು ಮಗುವಿನ ಹಾಗೆ ಅತ್ತುಬಿಟ್ಟೆ.

ಒಳಗೆ ಹೆಂಗಸರು ಆರತಿಗೆ ಅಣಿಮಾಡುತ್ತಿದ್ದರು. ನನ್ನ ಹೆಂಡತಿ ಹತ್ತಿಯ ಬತ್ತಿ ಹೊಸೆಯುತ್ತ ಏನನ್ನೋ ಗುನುಗುತ್ತಿದ್ದಳು. ಕಿವಿಗೊಟ್ಟು ಕೇಳಿದೆ. ತಂದಾರ, ಬಂದಾರ.