ಸ್ವರ್ಣ ಆವೃತ್ತಿಯ ಅಪ್ಪ

"ಎಷ್ಟು?" ಎಂದು ನಾನು ಎರಡನೇ ಸಲ ಕೇಳಿದ್ದು ಕಿವಿಗೆ ಕೇಳಿಸದೆ ಅಲ್ಲ, ಎರಡನೇ ಸಲಕ್ಕಾದರೂ ಬೆಲೆ ಇಳಿದೀತು ಎಂಬ ಆಸೆಯಿಂದ. (ನನ್ನ ಕನ್ನಡಕದಂಗಡಿಯಲ್ಲಿ ಗಿರಾಕಿಗಳು ನನ್ನ ಮೇಲೆ ಪ್ರಯೋಗಿಸುವ ವಿದ್ಯೆ ಇದು. ನಾನು ಇಳಿಸುವುದಿಲ್ಲ.) ಮಗಳೂ ಇಳಿಸಲಿಲ್ಲ. ಸೋಫಾದ ಮೇಲೆ ಕಾಲು ಮಡಿಸಿ ಕೂತವಳು ಅದೇ ಬೆಲೆಯನ್ನು ಅದೇ ಧಾಟಿಯಲ್ಲಿ ಮತ್ತೆ ಹೇಳಿದಳು.

"ಒಂದು ವಿಡಿಯೋ ಗೇಮಿಗಾ? ಅಷ್ಟು ದುಡ್ಡಿಗೆ ನಮ್ಮ ಅಂಗಡೀಲಿ ಒಳ್ಳೇ ಫ್ರೇಮು ಬರುತ್ತೆ!"

"ಬರೀ ಫ್ರೇಮು ತಾನೇ? ಗಾಜಿಗೆ ಬೇರೆ," ಎಂದಿತು ಅಡುಗೆಮನೆ. ಒಳಗಿದ್ದದ್ದು ನನ್ನ ಹೆಂಡತಿ.

ವಿಷಯ ಇಷ್ಟು. ಭಾನುವಾರ ಅಂಗಡಿಗೆ ರಜೆ. ಮಧ್ಯಾಹ್ನ ಊಟವಾದ ಮೇಲೆ ನಾನೂ ಮಗಳೂ ಟಿವಿ ಮುಂದೆ ಕೂತು ಬೆಟ್ಟ ಹತ್ತುತ್ತೇವೆ. ಆಟದಲ್ಲಿ ಇಬ್ಬರು, ಇಬ್ಬರ ಸೊಂಟಕ್ಕೂ ಒಂದೇ ಹಗ್ಗ. ಅವಳು ಹತ್ತುತ್ತಾಳೆ, ನಾನು ಬೀಳುತ್ತೇನೆ, ಅವಳು ಹಗ್ಗ ಹಿಡಿದು ನನ್ನನ್ನು ಮೇಲಕ್ಕೆಳೆಯುತ್ತಾಳೆ. ಒಟ್ಟಾರೆ ಕಥೆ ಇದೇ. "ಎಡಕ್ಕೆ ಅಪ್ಪ! ಎಡಕ್ಕೆ ಅಂದ್ನಲ್ಲ, ಅದು ಬಲ!" ಎಂದು ಅವಳು ಕೂಗುವಷ್ಟರಲ್ಲಿ ನಾನು ಪ್ರಪಾತದಲ್ಲಿರುತ್ತೇನೆ. ಊರವರ ಎಡಗಣ್ಣು ಬಲಗಣ್ಣುಗಳನ್ನು ಅಳೆದು ಕೊಡುವವನ ಸ್ವಂತ ಸ್ಥಿತಿ ಹೀಗಿದೆ ಎಂದು ಅಂಗಡಿಯಲ್ಲಿ ಯಾರಿಗೂ ತಿಳಿದಿಲ್ಲ.

ಮಗಳು ಈಗ ಹೈಸ್ಕೂಲು. ಕೋಣೆಯ ಬಾಗಿಲು ಹಾಕಿಕೊಳ್ಳುವ ವಯಸ್ಸು. ರಸ್ತೆಯಲ್ಲಿ ನನ್ನ ಜೊತೆ ನಡೆಯುವಾಗ ನಾನು ಯಾರೋ ದಾರಿಹೋಕ ಎಂಬಂತೆ ಒಂದಿಷ್ಟು ಮುಂದೆ ನಡೆಯುತ್ತಾಳೆ. ನನ್ನ ಪಿತೃತ್ವಕ್ಕೆ ಉಳಿದಿರುವ ಏಕೈಕ ಆಧಾರವೆಂದರೆ ಆ ಹಗ್ಗ. ಈಗ ಹಳೆಯ ಬೆಟ್ಟವನ್ನು ಹತ್ತಿ ಮುಗಿಸಿದ್ದೆವು. ಹೊಸ ಬೆಟ್ಟ, ಅಂದರೆ ಆಟದ ಎರಡನೇ ಭಾಗ, ಮಾರುಕಟ್ಟೆಗೆ ಬಂದಿತ್ತು.

ನಾನು ಎದ್ದು ನಿಂತು ಉಪನ್ಯಾಸ ಶುರುಮಾಡಿದೆ. "ಮೊದಲು ಆಟ ತಗೊಂಡ್ರೆ ಡಬ್ಬಿ ಬರ್ತಿತ್ತು. ಡಬ್ಬೀಲಿ ಪುಸ್ತಕ ಇರ್ತಿತ್ತು. ಈಗ ಡಬ್ಬಿ ಇಲ್ಲ, ಪುಸ್ತಕ ಇಲ್ಲ, ಡಿಸ್ಕೂ ಇಲ್ಲ. ಗಾಳೀಲಿ ಬರೋ ವಸ್ತೂಗೆ ಬೆಲೆ ಮಾತ್ರ ಇನ್ನೂ ಜಾಸ್ತಿ! ಅದರಲ್ಲೂ ಸಾಧಾರಣ ಆವೃತ್ತಿ, ರಜತ ಆವೃತ್ತಿ, ಸ್ವರ್ಣ ಆವೃತ್ತಿ ಅಂತೆ. ಸಾಧಾರಣದಲ್ಲಿ ಏನು ಬರುತ್ತೆ?"

"ಬೆಟ್ಟ ಬರುತ್ತೆ," ಎಂದಳು ಮಗಳು. "ತುದಿ ಬರಲ್ಲ. ತುದಿಗೆ ಬೇರೆ."

"ಕೇಳಿದ್ಯೇನೇ? ಬುಡ ಮಾರಿ ತುದಿಗೆ ಬೇರೆ ರೇಟು ಹಾಕಿದಾರೆ!" ಎಂದು ಅಡುಗೆಮನೆಯತ್ತ ಕೂಗಿದೆ.

"ನೀವು ಗಾಜಿಗೆ ಹಾಕಲ್ವಾ?" ಎಂದಿತು ಅಡುಗೆಮನೆ ಮತ್ತೆ. "ಗೀಚು ಬೀಳದೇ ಇರೋಕೆ ಬೇರೆ, ಹೊಳಪು ಕಾಣದೇ ಇರೋಕೆ ಬೇರೆ, ಒರೆಸೋ ಬಟ್ಟೆಗೆ ಬೇರೆ."

"ಅದು ವೃತ್ತಿ. ಇದು ಸುಲಿಗೆ." ನಾನು ಗಂಟಲು ಸರಿಮಾಡಿಕೊಂಡೆ. "ನೋಡು ಪುಟ್ಟಿ, ಪ್ರಶ್ನೆ ದುಡ್ಡಿನದ್ದಲ್ಲ, ತತ್ವದ್ದು. ಬೆಲೆ ಇಳಿಯೋವರೆಗೆ ಕಾಯೋಣ. ಮುಂದಿನ ವರ್ಷ ಅರ್ಧಕ್ಕೆ ಸಿಗುತ್ತೆ."

ಅವಳು ಅಳುತ್ತಾಳೆ, ಇಲ್ಲವೇ ಜಗಳವಾಡುತ್ತಾಳೆ ಎಂದು ಕಾದೆ. ಎರಡಕ್ಕೂ ನನ್ನ ಬಳಿ ಉತ್ತರ ಸಿದ್ಧವಿತ್ತು. ಅವಳು, "ಸರಿ ಬಿಡಪ್ಪ," ಎಂದು ಕೋಣೆಗೆ ಹೋದಳು.

ಮರುದಿನ ಬೆಳಿಗ್ಗೆ ಕಾಫಿ ಬಾಯಿಗಿಟ್ಟರೆ ವಿಷ. "ಏನೇ ಇದು, ಸಕ್ಕರೇನೇ ಇಲ್ವಲ್ಲ?"

"ಅದು ಸಾಧಾರಣ ಆವೃತ್ತಿ. ಸಕ್ಕರೆ ರಜತದಲ್ಲಿ ಬರುತ್ತೆ," ಎಂದಳು ಹೆಂಡತಿ.

ನಾನು ಗಂಭೀರವಾಗಿ ಕಹಿ ನುಂಗಿದೆ. ಆದರೆ ಶರ್ಟಿನ ವಿಷಯದಲ್ಲಿ ಅವಳು ಕಲೆಯ ಮಟ್ಟಕ್ಕೇರಿದ್ದಳು. ಇಸ್ತ್ರಿ ಎದೆಯ ಕಡೆಗೆ ಮಾತ್ರ ಆಗಿತ್ತು. ಬೆನ್ನು ಈಗಷ್ಟೇ ಹಿಂಡಿ ತೆಗೆದಂತಿತ್ತು. ಕೇಳಿದರೆ, "ಬೆನ್ನು ಎರಡನೇ ಭಾಗದಲ್ಲಿ ಬಿಡುಗಡೆ ಆಗುತ್ತೆ, ಕಾಯಿರಿ," ಎಂದಳು. ಅಂದು ಅಂಗಡಿಯಲ್ಲಿ ಇಡೀ ದಿನ ಗೋಡೆಗೆ ಬೆನ್ನು ಕೊಟ್ಟೇ ವ್ಯಾಪಾರ ಮಾಡಿದೆ. ಒಬ್ಬ ಗಿರಾಕಿ ನನಗೆ ಸೊಂಟ ನೋವೆಂದು ತಿಳಿದು ಎಣ್ಣೆಯೊಂದನ್ನು ಶಿಫಾರಸು ಮಾಡಿದ.

ಇದನ್ನೆಲ್ಲ ತಡೆದುಕೊಂಡೆ. ತಡೆದುಕೊಳ್ಳಲಾಗದ್ದು ಭಾನುವಾರ ನಡೆಯಿತು.

ಊಟ ಮುಗಿಸಿ ನನ್ನ ಎಂದಿನ ಜಾಗದಲ್ಲಿ ಕೂತು, ಕಂಟ್ರೋಲರನ್ನು ಅಂಗಿಯ ತುದಿಯಿಂದ ಒರೆಸುತ್ತಿದ್ದೆ. ಮಗಳು ಬೂಟು ಹಾಕಿಕೊಂಡು ಬಂದಳು.

"ಫ್ರೆಂಡ್ ಮನೆಗೆ ಹೋಗ್ತಿದೀನಪ್ಪ. ಅವಳ ಹತ್ರ ಹೊಸ ಬೆಟ್ಟ ಇದೆ."

"ಮತ್ತೆ ನಮ್ಮ ಬೆಟ್ಟ?"

"ಅದು ಮುಗೀತಲ್ಲಪ್ಪ. ನೀನು ಪ್ರಾಕ್ಟೀಸ್ ಮಾಡ್ತಿರು."

ಬಾಗಿಲು ಹಾಕಿಕೊಂಡಿತು. ಮಾಡೋಣ, ಅದಕ್ಕೇನು, ಎಂದು ಹಳೆಯ ಬೆಟ್ಟವನ್ನೇ ತೆರೆದೆ. ಆಟದೊಳಗಿನ ಅವಳ ಗೊಂಬೆ ಮೇಲಿನ ಬಂಡೆಯ ಮೇಲೆ ಸುಮ್ಮನೆ ನಿಂತಿತ್ತು. ನಾನು ಒಂದು ಹೆಜ್ಜೆ ಇಟ್ಟೆ. ಬಿದ್ದೆ. ಹಗ್ಗದ ತುದಿಯಲ್ಲಿ ಹಿಟ್ಟಿನ ಚೀಲದಂತೆ ಅತ್ತ ಇತ್ತ ತೂಗತೊಡಗಿದೆ. ಗಾಳಿಯ ಸದ್ದು ಮಾತ್ರ ಬರುತ್ತಿತ್ತು. (ಆ ಆಟದಲ್ಲಿ ಗಾಳಿಗೆ ಸದ್ದಿದೆ ಎಂಬುದು ನನಗೆ ಅಂದೇ ಗೊತ್ತಾದದ್ದು. ಯಾವಾಗಲೂ ಅವಳ ಕೂಗಾಟವೇ ಕೇಳಿಸುತ್ತಿತ್ತು.)

ಹೆಂಡತಿ ಒಗೆದ ಬಟ್ಟೆ ಮಡಚಲು ಬಂದವಳು ನಿಂತಳು. "ಯಾಕ್ರೀ, ಹಾಗೆ ನೇತಾಡ್ತಿದೀರಾ?"

"ಯಾರೂ ಎಳೀತಿಲ್ಲ."

ಅವಳು ಬಟ್ಟೆ ಕೆಳಗಿಟ್ಟು, ಮಗಳ ಕಂಟ್ರೋಲರ್ ಎತ್ತಿಕೊಂಡು ಸಿಕ್ಕ ಗುಂಡಿಗಳನ್ನೆಲ್ಲ ಒತ್ತಿದಳು. ಮೇಲಿನ ಗೊಂಬೆ ಕುಣಿಯಿತು, ಕೈ ಬೀಸಿತು, ಒಂದು ಲಾಗ ಹಾಕಿತು. ಎಳೆಯಲಿಲ್ಲ. ಅವಳು ನನ್ನ ಮುಖ ನೋಡಿ ಒಳಗೆ ಹೋದಳು. ಸಕ್ಕರೆ ಹಾಕಿದ ಕಾಫಿ ತಂದಿಟ್ಟಳು. ನಮ್ಮ ದಾಂಪತ್ಯದಲ್ಲಿ ಚುಚ್ಚುಮಾತಿಲ್ಲದೆ ಕಾಫಿ ಬಂತೆಂದರೆ ಪರಿಸ್ಥಿತಿ ಕೈಮೀರಿದೆ ಎಂದೇ ಅರ್ಥ.

ಕಾಫಿ ಆರುವ ಮೊದಲೇ ಗೇಮಿನ ಅಂಗಡಿಯನ್ನು ಟಿವಿಯಲ್ಲೇ ತೆರೆದೆ. ಸಾಧಾರಣ ಆವೃತ್ತಿ ಕೊಂಡು ಎದ್ದುಬಿಡುವ ದೃಢ ನಿರ್ಧಾರ ನನ್ನದು. ಪರದೆ ವಿನಯದಿಂದ ಕೇಳಿತು: ಇನ್ನು ಸ್ವಲ್ಪ ಸೇರಿಸಿದರೆ ರಜತ ಸಿಗುವುದಲ್ಲ? ರಜತ ಒತ್ತಿದೆ. ಇಷ್ಟು ದೂರ ಬಂದವರು ಇನ್ನೊಂದಿಷ್ಟಕ್ಕೆ ಸ್ವರ್ಣವನ್ನು ಬಿಡುವುದೇ? ನನಗೆ ರೋಮಾಂಚನವಾಯಿತು. "ಇಷ್ಟು ಹಾಕ್ತಿದೀರಿ, ಇನ್ನೊಂಚೂರು ಹಾಕಿದ್ರೆ ಒಳ್ಳೇ ಗಾಜೇ ಬರುತ್ತಲ್ಲ ಸಾರ್" ಎಂದು ನಾನು ಕೌಂಟರಿನ ಈಚೆಯಿಂದ ಹೇಳುವ ಧಾಟಿಯೇ ಅದು! ಅದನ್ನು ಆಚೆಯಿಂದ ಕೇಳಿದ್ದು ಇದೇ ಮೊದಲು, ಎಷ್ಟು ಹಿತವಾಗಿರುತ್ತದೆ!

ಆದರೂ ತಡೆಯುತ್ತಿದ್ದೆನೇನೋ. ನನ್ನನ್ನು ಕೆಡವಿದ್ದು ಸ್ವರ್ಣ ಆವೃತ್ತಿಯ ಒಂದು ವಿಶೇಷ ಸೌಲಭ್ಯ. ಅದರಲ್ಲಿ ಒಂದು ಹದ್ದು ಬರುತ್ತದಂತೆ. ಆಡಲು ಬಾರದವರು ಕಾಲು ಜಾರಿದೊಡನೆ ಅದು ಹಾರಿಬಂದು ಹಿಡಿದು ಮೇಲಕ್ಕೆ ಬಿಡುತ್ತದಂತೆ. ಕೆಳಗೆ ಬರೆದಿತ್ತು: "ನಿಮ್ಮ ಜೊತೆಗಾರರು ಇನ್ನು ನಿಮಗಾಗಿ ಕಾಯಬೇಕಾಗಿಲ್ಲ."

ಆ ಮಾತು ಎದೆಗೆ ನಾಟಿತು. ಪಾಪ, ಎಷ್ಟು ಭಾನುವಾರ ನನಗಾಗಿ ಕಾದಿದ್ದಾಳೆ ಮಗು! ಕಾಯುವುದು ತಪ್ಪಿದರೆ ಇನ್ನೊಬ್ಬರ ಮನೆಗೇಕೆ ಹೋಗುತ್ತಾಳೆ? ಸ್ವರ್ಣ ಒತ್ತಿದೆ. ಕಳೆದ ವಾರ ನನ್ನನ್ನು ಮೂರ್ಛೆ ಬೀಳಿಸಿದ್ದ ಬೆಲೆ ಎರಡರಷ್ಟಾಗಿ ನನ್ನ ಖಾತೆಯಿಂದ ಹಾರಿಹೋಯಿತು.

ಸಂಜೆ ಮಗಳು ಬಂದಳು. ಟಿವಿ ನೋಡಿದಳು. "ಅಪ್ಪಾ!" ಎಂದು ಬೂಟು ಸಮೇತ ಸೋಫಾದ ಮೇಲೆ ಹಾರಿದಳು. ಆ ಒಂದು ಕ್ಷಣಕ್ಕೆ ಬೆಲೆ ಸರಿಯೇ ಇದೆ ಎನ್ನಿಸಿತು.

ಆಟ ಶುರುವಾಯಿತು. ನನ್ನ ಗೊಂಬೆಗೆ ಜರತಾರಿ ಕೋಟು, ಚಿನ್ನದ ಬೂಟು. ಮದುವೆಮನೆಯಿಂದ ನೇರ ಬೆಟ್ಟಕ್ಕೆ ಓಡಿಬಂದಂತಿದ್ದೆ. ಮೊದಲ ಹೆಜ್ಜೆಗೇ ಜಾರಿದೆ. ಹದ್ದು ಬಂತು, ಎತ್ತಿತು, ಬಿಟ್ಟಿತು. ಮತ್ತೆ ಜಾರಿದೆ, ಮತ್ತೆ ಎತ್ತಿತು. ಜೀವನದಲ್ಲಿ ಮೊದಲ ಸಲ ಮಗಳಿಗಿಂತ ಮುಂಚೆ ಬಂಡೆಯ ಮೇಲೆ ನಿಂತು, ಹೆಮ್ಮೆಯಿಂದ ಅವಳತ್ತ ತಿರುಗಿದೆ. ಅವಳು ಕಂಟ್ರೋಲರನ್ನು ತೊಡೆಯ ಮೇಲಿಟ್ಟುಬಿಟ್ಟಿದ್ದಳು.

"ಅಪ್ಪ, ಈ ಹದ್ದನ್ನ ತೆಗಿ."

"ಏನು ತೆಗಿ? ಅದಕ್ಕೇ ಕಣೇ ಅಷ್ಟು ದುಡ್ಡು ಸುರಿದಿದ್ದು! ನೀನು ನನಗೆ ಕಾಯೋದು ಬೇಡ ಅಂತ."

"ಕಾಯೋದು ಬೇಡ ಅಂತ ನಾನು ಹೇಳಿದ್ನಾ?" ಅವಳು ಹಗ್ಗದ ಗುಂಡಿಯನ್ನು ಸುಮ್ಮನೆ ಒತ್ತುತ್ತಿದ್ದಳು. "ನನ್ನ ಫ್ರೆಂಡೂ ಬೀಳೋದೇ ಇಲ್ಲಪ್ಪ. ಮಧ್ಯಾಹ್ನ ಪೂರ್ತಿ ಇಬ್ರೂ ಸುಮ್ನೆ ಹತ್ತಿದ್ವಿ ಅಷ್ಟೇ. ಒಂದ್ಸಲಾನೂ ನಗು ಬರ್ಲಿಲ್ಲ. ನಿನ್ನನ್ನ ಎಳೆಯೋದೇ ಮಜಾ."

ನನ್ನ ಕನ್ನಡಕ ಯಾಕೋ ಮಂಜಾಯಿತು. (ಅದಕ್ಕೂ ನಮ್ಮಲ್ಲಿ ಬೇರೆ ಲೇಪನವಿದೆ, ನಾನು ಹಾಕಿಸಿಕೊಂಡಿರಲಿಲ್ಲ.) ಹದ್ದನ್ನು ಓಡಿಸುವ ದಾರಿ ಹುಡುಕಿದೆ. ಸ್ವರ್ಣ ಆವೃತ್ತಿಯ ಹದ್ದು ಸ್ವಾಮಿನಿಷ್ಠ, ಹಾಗೆಲ್ಲ ಹೋಗುವುದಿಲ್ಲ. ಅದನ್ನು ಕಳಿಸಬೇಕಾದರೆ 'ಸಾಹಸ ಪ್ಯಾಕ್' ಕೊಳ್ಳಬೇಕು. ಅದಕ್ಕೆ ಬೇರೆ.

ನನಗೆ ಕೋಪ ಬರಲಿಲ್ಲ, ಆ ಕಂಪನಿಯ ಮೇಲೆ ಗೌರವ ಉಕ್ಕಿತು. ಮೊದಲು ಹದ್ದನ್ನು ಮಾರಿ, ಆಮೇಲೆ ಹದ್ದು ಇಲ್ಲದಿರುವುದನ್ನೂ ಮಾರುವ ಧೈರ್ಯ ನನ್ನ ವೃತ್ತಿಬಾಂಧವರಲ್ಲಿ ಯಾರಿಗಿದೆ?

ಹೆಂಡತಿ ಬಾಗಿಲಿಗೆ ಒರಗಿ ನಿಂತಿದ್ದಳು. "ಕಾಯೋಣ ಬಿಡಿ. ಮುಂದಿನ ವರ್ಷ ಅರ್ಧಕ್ಕೆ ಸಿಗುತ್ತೆ."

ಮುಂದಿನ ವರ್ಷ ಪ್ಯಾಕಿನ ಬೆಲೆ ಖಂಡಿತ ಇಳಿಯುತ್ತದೆ. ಆದರೆ ಆಗ ಭಾನುವಾರ ಮಧ್ಯಾಹ್ನ ಈ ಸೋಫಾದ ಮೇಲೆ ಯಾರು ಯಾರು ಇರುತ್ತಾರೆಂಬುದನ್ನು ಯಾವ ಅಂಗಡಿಯೂ ಬರೆದುಕೊಡುವುದಿಲ್ಲ. ನಾನು ಚೌಕಾಸಿ ಮಾಡದೆ, ಒಂದು ನಿಟ್ಟುಸಿರನ್ನೂ ಬಿಡದೆ ಗುಂಡಿ ಒತ್ತಿದೆ.

ಹದ್ದು ಹಾರಿಹೋಯಿತು. ನಾನು ಎದೆಯುಬ್ಬಿಸಿ ಹೆಜ್ಜೆ ಮುಂದಿಟ್ಟೆ. ಜರತಾರಿ ಕೋಟು, ಚಿನ್ನದ ಬೂಟು ಎಲ್ಲ ಸೇರಿ ಪ್ರಪಾತಕ್ಕೆ ಹೋದವು.

"ಎಡಕ್ಕೆ ಅಂದ್ನಲ್ಲಪ್ಪಾ!" ಮಗಳು ನಗು ತಡೆಯಲಾರದೆ ನನ್ನ ತೋಳಿಗೇ ಒರಗಿ ಹಗ್ಗ ಎಳೆಯತೊಡಗಿದಳು.

"ಬಿದ್ರಾ?" ಎಂದಳು ಹೆಂಡತಿ.

"ಬಿದ್ದೆ," ಎಂದೆ. "ಪೂರ್ತಿ ದುಡ್ಡು ಕೊಟ್ಟು ಬಿದ್ದೆ ಕಣೇ."