ಡೇರೆ ಹೊತ್ತು ಗೋಲಗುಮ್ಮಟಕ್ಕೆ

ನಮ್ಮ ಕುಂದಾಪುರ ಸೀಮೆಯವರು ಲೋಕವನ್ನೆಲ್ಲ ಸುತ್ತಿದ್ದಾರೆ. ಆದರೆ ಲೋಕವನ್ನು ನೋಡಿದವರು ಅವರಲ್ಲಿ ವಿರಳ. ಬೈಂದೂರಿನಿಂದ ಬ್ರಹ್ಮಾವರದವರೆಗೆ ಯಾವ ಮನೆಯ ಜಗಲಿ ಹತ್ತಿ ಕೇಳಿದರೂ ಮಗನೊಬ್ಬ ಸೊಲ್ಲಾಪುರದಲ್ಲಿ, ಅಳಿಯನೊಬ್ಬ ನಾಗಪುರದಲ್ಲಿ ಹೋಟೆಲು ಇಟ್ಟುಕೊಂಡಿರುತ್ತಾನೆ. ರಜೆಗೆ ಬಂದವನನ್ನು ಹಿಡಿದು, ಅಲ್ಲಿ ಏನೇನು ನೋಡಿದೆಯಪ್ಪ ಎಂದು ವಿಚಾರಿಸಿದರೆ, ಅಲ್ಲಿಯ ತೆಂಗಿನಕಾಯಿಗೆ ರುಚಿಯಿಲ್ಲವೆಂಬ ಒಂದು ಸಂಗತಿಯನ್ನು ಮಾತ್ರ ಖಚಿತವಾಗಿ ಹೇಳುತ್ತಾನೆ. ನಾನು ಈ ಗುಂಪಿಗೆ ಸೇರಿದವನಲ್ಲವೆಂದು ಬಹುಕಾಲ ನಂಬಿದ್ದೆ.

ಶಾಲೆಯಲ್ಲಿ ಪಾಠ ಹೇಳುತ್ತಿದ್ದ ವರ್ಷಗಳಲ್ಲಿ ವ್ಯಾಕರಣದ ಜೊತೆಗೆ ಚರಿತ್ರೆಯೂ ನನ್ನ ಪಾಲಿಗೆ ಬಂದಿತ್ತು. ಬಿಜಾಪುರದ ಗೋಲಗುಮ್ಮಟದಲ್ಲಿ ಒಂದು ಬದಿಯ ಪಿಸುಮಾತು ಎದುರು ಬದಿಗೆ ಕೇಳುತ್ತದೆ, ಗಟ್ಟಿಯಾಗಿ ನುಡಿದದ್ದು ಏಳು ಸಲ ಮರುದನಿಯಾಗಿ ಬರುತ್ತದೆ ಎಂದು ನಾನು ಕರ್ತೃ, ಕರ್ಮ, ಕ್ರಿಯಾಪದಗಳು ಸ್ವಸ್ಥಾನದಲ್ಲಿರುವಂತೆ ವಿವರಿಸುತ್ತಿದ್ದೆ. ಪ್ರತಿ ವರ್ಷವೂ ಹಿಂದಿನ ಬೆಂಚಿನಿಂದ ಒಬ್ಬನಾದರೂ ಎದ್ದು, "ಮಾಷ್ಟ್ರೆ, ನೀವ್ ಕೇಂಡಿದ್ರ್ಯಾ?" ಎನ್ನುತ್ತಿದ್ದ. "ಕುಳಿತುಕೋ" ಎನ್ನುವುದೊಂದೇ ನನ್ನಲ್ಲಿದ್ದ ಉತ್ತರ. ಆದುದರಿಂದ ಶಾಲೆಯ ಕೆಲಸ ಬಿಟ್ಟ ಮೇಲೆ ನನಗೆ ಉಳಿದ ಆಸೆ ಒಂದೇ: ಆ ಗುಮ್ಮಟದೊಳಗೆ ನಿಂತು, ನಾನೇ ಕಟ್ಟಿದ ಒಂದು ಪೂರ್ಣವಾಕ್ಯವನ್ನು ನುಡಿದು, ಅದನ್ನು ಏಳು ಸಲ ಕೇಳಬೇಕು. ವಾಕ್ಯ ಸಿದ್ಧವಾಗಿತ್ತು: "ಕಾಲವು ಅರಸರನ್ನು ನುಂಗಿತು; ನುಡಿಯನ್ನು ನುಂಗಲಾರದೆ ಹೋಯಿತು." ತಿದ್ದಿ ತೀಡಿ ಬಾಯಿಪಾಠ ಮಾಡಿಕೊಂಡಿದ್ದೆ.

ಆ ಬೇಸಿಗೆಯಲ್ಲಿ ನನ್ನ ಹೆಂಡತಿಯ ತಮ್ಮ ಶೀನ ಬೊಂಬಾಯಿಯಿಂದ ರಜೆಯ ಮೇಲೆ ಬಂದ. ಬರುವಾಗ ಒಂದು ಹಳೆಯ ವ್ಯಾನನ್ನೂ ಸೈನ್ಯದವರು ಬಳಸಿ ಬಿಟ್ಟ ಒಂದು ಡೇರೆಯನ್ನೂ ತಂದ. ಅವನ ಕಂಪೆನಿಯ ಸಾಹೇಬರು ಬೇಸಿಗೆಯಲ್ಲಿ ಹೀಗೆಯೇ ದೇಶ ಸುತ್ತುತ್ತಾರಂತೆ. ಕತ್ತಲಾದಲ್ಲಿ ಡೇರೆ ಹೊಡೆದು ಮಲಗುತ್ತಾರಂತೆ.

"ಭಾವ, ಲಾಡ್ಜ್ ಬ್ಯಾಡ, ಹೋಟ್ಲ್ ಬ್ಯಾಡ. ಎಂತ ಫಿಕರೂ ಇಲ್ಲೆ. ನಕ್ಷತ್ರ ಕಾಣ್ತಾ ಮನಿಕಂಬ್ದ್," ಎಂದ.

ನನ್ನ ಹೆಂಡತಿ ಕೇಳಿದಳು: "ಡೇರಿ ಬದಿಗೆ ಒಲಿ ಹೊತ್ಸುದ್ ಯಾರ್? ನಿಮ್ಮ ನಕ್ಷತ್ರವಾ?"

ಹಿಂದಿನ ಬೆಂಚಿಗೆ ಹೇಳುತ್ತಿದ್ದ ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅವಳನ್ನು ಕುಳ್ಳಿರಿಸುವ ಅಧಿಕಾರ ನನಗೆ ಯಾವ ಕಾಲದಲ್ಲಿಯೂ ಇರಲಿಲ್ಲ.

ಘಟ್ಟ ಹತ್ತಿ ಶಿವಮೊಗ್ಗ, ಅಲ್ಲಿಂದ ದಾವಣಗೆರೆ, ಹಂಪೆ, ಕೊನೆಗೆ ಬಿಜಾಪುರ ಎಂದು ನಾನು ಕ್ರಮವಾಗಿ ಯೋಜನೆ ಹಾಕಿದೆ. ಶೀನನ ರಜೆ ಮುಗಿಯುವ ಮೊದಲು ಹಿಂದಿರುಗಬೇಕಾದುದರಿಂದ ದಾರಿಯಲ್ಲಿ ತಡವಾದಷ್ಟೂ ಗೋಲಗುಮ್ಮಟ ಕೈತಪ್ಪುವ ಸಂಭವವಿತ್ತು. ನನ್ನ ಯೋಜನೆಯಲ್ಲಿ ನದಿಗಳಿದ್ದವು, ಕೋಟೆಗಳಿದ್ದವು, ದೇವಾಲಯಗಳಿದ್ದವು. ಊರಿನವರು ಇರಲಿಲ್ಲ.

ಶಿವಮೊಗ್ಗದಲ್ಲಿ ಕಾಫಿಗೆಂದು ನಿಂತೆವು. ಶೀನ ಬಾಯಿ ತೆರೆದೊಡನೆ ಗಲ್ಲಾದಲ್ಲಿದ್ದಾತ ತಲೆಯೆತ್ತಿದ.

"ಹ್ವಾಯ್, ನಿಮ್ಗ್ ಎಲ್ಲಾಯ್ತ್?"

ನಮ್ಮೂರು ಸಾಸ್ತಾನವೆಂದೆ.

"ಸಾಸ್ತಾನದಗೆ ಯಾರ್ ಮನಿ?"

ಮನೆಯ ಹೆಸರು ಹೇಳಿದೆ. ನಮ್ಮವರಲ್ಲಿ ಮನೆಯ ಹೆಸರು ಹೇಳುವುದೆಂದರೆ ಪೊಲೀಸರ ಮುಂದೆ ತಪ್ಪೊಪ್ಪಿಗೆಗೆ ಸಹಿ ಹಾಕಿದಂತೆ. ಆಮೇಲೆ ಬಿಡುಗಡೆ ನಮ್ಮ ಕೈಯಲ್ಲಿಲ್ಲ. ಆತ ಬ್ರಹ್ಮಾವರದವನು, ಆತನ ಚಿಕ್ಕಮ್ಮನನ್ನು ನಮ್ಮ ಓಣಿಗೇ ಕೊಟ್ಟಿತ್ತು. ಕಾಫಿ ಊಟವಾಯಿತು, ಊಟ ನಿದ್ದೆಯಾಯಿತು, ನಿದ್ದೆಯಿಂದ ಎದ್ದಾಗ ಬನ್ಸು ಕರಿಯುತ್ತಿದ್ದರು. ದಾವಣಗೆರೆಯಲ್ಲಿ ನಮ್ಮ ಸೀಮೆಯದೇ ಆದ ನಾವುಂದದವರು ಸಿಕ್ಕಿದರು. ಅಲ್ಲಿ ರಾತ್ರಿಯೂ ಕಳೆಯಿತು. ಡೇರೆ ವ್ಯಾನಿನ ನೆತ್ತಿಯ ಮೇಲೆ ಸುಮ್ಮನೆ ಸವಾರಿ ಮಾಡುತ್ತಿತ್ತು.

ಹೊಸಪೇಟೆಯಲ್ಲಿ ನಾನು ಎಚ್ಚರ ವಹಿಸಿದೆ. ಪೇಟೆಯನ್ನು ಹೊಗದೆ, ಹೊರಗಿನ ಬಯಲಿನಲ್ಲಿ ಡೇರೆ ಹೊಡೆಸಿ, ಒಳಗೆ ಕಾಲು ಚಾಚಿದೆ. ಅಷ್ಟರಲ್ಲಿ ಸೈಕಲ್ಲಿನ ಗಂಟೆ ಕೇಳಿತು. ಹಾಲು ತರಲೆಂದು ಹೋದ ಶೀನ ಒಂದು ಹೋಟೆಲಿನಲ್ಲಿ ಎರಡು ಮಾತಾಡಿದ್ದ. ಅದರ ಯಜಮಾನರು ಬೈಂದೂರಿನವರು, ಅವನ ಬೆನ್ನಿಗೇ ಬಂದಿದ್ದರು.

"ಎಂತ ಮಾಷ್ಟ್ರೆ ಇದ್? ನಾ ಇಲ್ಲ್ ಹೋಟ್ಲ್ ಇಟ್ಕಂಡ್ ಕೂಕಂಡಿದ್ದೆ, ನೀವ್ ಬಯ್ಲಗ್ ಮನಿಕಂಬ್ದಾ? ನಾಳೆ ನಾ ಊರಿಗ್ ಬಂದ್ರೆ ಜನ ಎಂತ ಹೇಳ್ತ್ರ್?"

"ನಾವು ಬಯಸಿಯೇ ಮಲಗುತ್ತಿದ್ದೇವೆ," ಎಂದೆ.

"ಬಯ್ಸುಕೆ ಬೇರೆ ಎಂತದೂ ಸಿಕ್ಲಿಲ್ಯಾ ನಿಮ್ಗೆ?"

ನಾನು ಉತ್ತರವನ್ನು ಕಟ್ಟುತ್ತಿರುವಾಗಲೇ ಅವರು ಗೂಟ ಕಿತ್ತರು. ಡೇರೆ ನನ್ನ ಮೇಲೆ ಕುಸಿಯಿತು. ಒಳಗೆ ದಾರಿ ಹುಡುಕುತ್ತಿದ್ದ ನನಗೆ ಹೆಂಡತಿಯ ದನಿ ಕೇಳಿತು: "ನೀವ್ ಬಂದದ್ ಸಮ ಆಯ್ತ್, ಅಣ್ಣಯ್ಯ." ಹೊರಟಂದಿನಿಂದ ಅವಳು ಒಮ್ಮೆಯೂ ಒಲೆ ಹೊತ್ತಿಸಿರಲಿಲ್ಲ. ನಮ್ಮವರ ಆತಿಥ್ಯದಲ್ಲಿ ಅವಳ ಶ್ರದ್ಧೆ ಊರಿಂದ ಊರಿಗೆ ಬೆಳೆಯುತ್ತಿತ್ತು.

ಮರುದಿನ ಬೆಳಗ್ಗೆ ಹಂಪೆಗೆ ಹೊರಟು ನಿಂತರೆ ಯಜಮಾನರು ವ್ಯಾನಿಗೆ ಅಡ್ಡ ನಿಂತರು. "ಹಂಪಿಯಾ? ಆ ಕಲ್ಲ್ ಎಲ್ಲಿಗೂ ಹೋತಿಲ್ಲೆ. ಗೋಳಿಬಜೆ ತಣ್ದ್ ಹೋತ್, ಕೂಕಣಿ."

"ತಾವು ಹಂಪೆಯನ್ನು ನೋಡಿದ್ದೀರಷ್ಟೆ?" ಎಂದೆ.

"ಪುರ್ಸೊತ್ತ್ ಎಲ್ಲಿತ್ತ್, ಮಾಷ್ಟ್ರೆ?"

ಊರಿನ ವರ್ತಮಾನಕ್ಕೆ ಮಾತ್ರ ಅವರಿಗೆ ಬೇಕಾದಷ್ಟು ಪುರುಸೊತ್ತಿತ್ತು. ಯಾರ ಮಗಳಿಗೆ ಗಂಡು ಗೊತ್ತಾಯಿತು, ಯಾರ ಮನೆಯಲ್ಲಿ ಪಾಲಾಯಿತು ಎಂದು ಒಂದೊಂದಾಗಿ ಕೇಳಿದರು. ಒಂದು ಸಾಮ್ರಾಜ್ಯವೇ ಹಾಳಾಗಿ ಬಿದ್ದ ಜಾಗ ಅಷ್ಟು ಹತ್ತಿರದಲ್ಲಿದ್ದರೂ, ಅವರು ನಿಟ್ಟುಸಿರು ಬಿಟ್ಟದ್ದು ನಮ್ಮೂರಿನ ಅಣ್ಣತಮ್ಮಂದಿರಿಬ್ಬರು ಅಡುಗೆಮನೆ ಬೇರೆ ಮಾಡಿಕೊಂಡದ್ದಕ್ಕೆ. ಹಂಪೆಯನ್ನು ನಾವು ಉರಿಬಿಸಿಲಿನಲ್ಲಿ, ಹೊಟ್ಟೆಯ ಭಾರಕ್ಕೆ ಏದುಸಿರು ಬಿಡುತ್ತ, ವ್ಯಾನಿನ ಕಿಟಕಿಯಿಂದ ನೋಡಿದೆವು.

ಶೀನನ ರಜೆಯಲ್ಲಿ ಈಗ ಬಿಜಾಪುರಕ್ಕೆ ಒಂದೇ ಒಂದು ಹಗಲು ಉಳಿದಿತ್ತು. ನಾನು ವ್ಯಾನಿನಲ್ಲಿಯೇ ಒಂದು ಕಟ್ಟಪ್ಪಣೆ ಹೊರಡಿಸಿದೆ. ನಮ್ಮನ್ನು ಹಿಡಿದುಕೊಡುತ್ತಿರುವುದು ನಮ್ಮ ಮಾತಿನ ಧಾಟಿ. ಆದುದರಿಂದ ಗುಮ್ಮಟವನ್ನು ನೋಡಿ ಮುಗಿಸುವವರೆಗೆ ಯಾರೂ ಊರಿನ ಮಾತು ಆಡತಕ್ಕದ್ದಲ್ಲ. ಶುದ್ಧ ಗ್ರಾಂಥಿಕ ಕನ್ನಡದಲ್ಲಿಯೇ ವ್ಯವಹರಿಸತಕ್ಕದ್ದು.

ಬಾಗಲಕೋಟೆಯ ಒಂದು ಖಾನಾವಳಿಯಲ್ಲಿ ನನ್ನ ಹೆಂಡತಿ ಅಪ್ಪಣೆಯನ್ನು ಅಕ್ಷರಶಃ ಪಾಲಿಸಿದಳು. "ಅಯ್ಯಾ, ಇಲ್ಲಿ ಕುಡಿಯುವುದಕ್ಕೆ ನೀರು ದೊರೆಯುವುದೋ?"

ಖಾನಾವಳಿಯಾತ ನಮ್ಮ ಮೂವರನ್ನೂ ವ್ಯಾನಿನ ಮೇಲಿದ್ದ ಡೇರೆಯನ್ನೂ ನೋಡಿದ. "ನಾಟಕ ಕಂಪನಿಯವ್ರೇನ್ರಿ? ಇವತ್ತ ಯಾವ ಆಟ ಐತ್ರಿ?"

ಯಾರೂ ನಮ್ಮನ್ನು ಮನೆಗೆ ಕರೆಯಲಿಲ್ಲ. ಖಾರದ ಚಟ್ನಿ ತಿಂದು ಶೀನ ಗ್ರಾಂಥಿಕ ಭಾಷೆಯಲ್ಲಿಯೇ ಅತ್ತ. ಆ ರಾತ್ರಿ ಡೇರೆಯಲ್ಲಿ ಮಲಗಿದೆವು. ನಕ್ಷತ್ರಗಳಿದ್ದವು, ಇರುವೆಗಳೂ ಇದ್ದವು. ಬೆಳಗಾಗುವ ಮೊದಲೇ ಹೊರಟು, ಜನ ಸೇರುವ ಮುಂಚೆಯೇ ಗೋಲಗುಮ್ಮಟವನ್ನು ಮುಟ್ಟಿದೆವು. ನನ್ನ ವಿಧಾನ ಫಲಿಸಿತ್ತು.

ಹೆಂಡತಿಯೂ ಶೀನನೂ ಮೆಟ್ಟಿಲು ನೋಡಿಯೇ ಕೈಮುಗಿದು ಕೆಳಗೆ ಗೋರಿಯ ಬಳಿ ಉಳಿದರು. ನಾನೊಬ್ಬನೇ ಹತ್ತಿ, ಮೇಲಿನ ಸುತ್ತುಜಗಲಿಯಲ್ಲಿ ಗೋಡೆಗೆ ಮುಖ ಮಾಡಿ ನಿಂತೆ. ಒಮ್ಮೆ ಕೆಮ್ಮಿದೆ, ಗುಮ್ಮಟವೂ ಕೆಮ್ಮಿತು. ಎದೆ ತುಂಬಿ ಬಂತು. ಉಸಿರೆಳೆದು "ಕಾಲವು" ಎನ್ನಬೇಕು, ಅಷ್ಟರಲ್ಲಿ ಎದುರು ಬದಿಯಿಂದ, ನನ್ನ ಕಿವಿಯ ಪಕ್ಕದಲ್ಲಿಯೇ ನಿಂತು ಹೇಳಿದಂತೆ, ಯಾರೋ ತಮ್ಮ ಹೆಂಡತಿಗೆ ಹೇಳುತ್ತಿದ್ದ ಪಿಸುಮಾತು ತೇಲಿಬಂತು: "ಸಾಕ್ ಮಾರಾಯ್ತಿ, ಕಾಲ್ ನೋಯ್ತ್. ಕೆಳ್ಗ್ ಹೋಪ."

ಆ ಮೇಲೆ ನಡೆದದ್ದಕ್ಕೆ ನನ್ನ ಬುದ್ಧಿಯ ಸಮ್ಮತಿಯಿರಲಿಲ್ಲ. ನನ್ನ ಬಾಯಿ ತಾನಾಗಿ ತೆರೆಯಿತು, ಅದೂ ಗಟ್ಟಿಯಾಗಿ: "ಹ್ವಾಯ್, ನಿಮ್ಗ್ ಎಲ್ಲಾಯ್ತ್?"

ಎಲ್ಲಾಯ್ತ್, ಎಲ್ಲಾಯ್ತ್, ಎಲ್ಲಾಯ್ತ್ ಎಂದು ಗುಮ್ಮಟ ಏಳು ಸಲವೂ ತಪ್ಪಿಲ್ಲದೆ ಕೇಳಿತು. ಎದುರು ಗೋಡೆ "ಅಮಾಸೆಬೈಲ್" ಎಂದು ಉತ್ತರ ಕೊಟ್ಟಿತು. "ಅಮಾಸೆಬೈಲಗೆ ಯಾರ್ ಮನಿ?" ಎಂದು ನಾನು ಕೇಳಿದೆ. ಅವರು ಮನೆ ಹೇಳಿದರು, ನಾನು ಮನೆ ಹೇಳಿದೆ. ಅವರ ಸೋದರತ್ತೆಯ ವರ್ತಮಾನವನ್ನೂ ನಾನೇ ಕೊಡಬೇಕಾಯಿತು. ಬಿಜಾಪುರದ ಪೇಟೆಯಲ್ಲಿ ಅವರದೊಂದು ಹೋಟೆಲಿದೆಯಂತೆ. ಮಾತು ಮುಗಿಯುವಷ್ಟರಲ್ಲಿ ಯಾವುದೋ ಶಾಲೆಯ ಮಕ್ಕಳು ಮೇಲೆ ಹತ್ತಿ ಬಂದು ಕೂಗತೊಡಗಿದರು. ಆ ಗದ್ದಲದಲ್ಲಿ ಅರಸರೂ ಕಾಲವೂ ನನ್ನ ಗಂಟಲಿನಲ್ಲಿಯೇ ಉಳಿದರು.

ಕೆಳಗೆ ಇಳಿದಾಗ ಹೆಂಡತಿ, ನಾನು ಹೊರಡಿಸಿದ ಅಪ್ಪಣೆ ಇನ್ನೂ ಜಾರಿಯಲ್ಲಿದೆಯೆಂಬಂತೆ, ಸೆರಗು ಸರಿಪಡಿಸಿಕೊಂಡು ನುಡಿದಳು: "ತಮ್ಮ ವಾಕ್ಯವು ಏಳು ಸಲವೂ ಸ್ಪಷ್ಟವಾಗಿ ಕೇಳಿಸಿತು."

ಅವಳ ವಾಕ್ಯದಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ. ನಾನು ವ್ಯಾನಿನ ಮುಂದಿನ ಸೀಟಿನಲ್ಲಿ ಕುಳಿತು, ಅಮಾಸೆಬೈಲಿನವರ ಹೋಟೆಲಿಗೆ ಎಲ್ಲಿ ತಿರುಗಬೇಕೆಂದು ಶೀನನಿಗೆ ದಾರಿ ಹೇಳತೊಡಗಿದೆ.