ಹಸಿವಿನ ಸೀಸೆ

ಬ್ರಹ್ಮಾವರದ ಒಂದು ಲ್ಯಾಬಿನಲ್ಲಿ ಸಹಾಯಕನಾಗಿದ್ದ ಯತೀಶ ಮಾಡಿದ ತಪ್ಪು ಒಂದೇ. ಶನಿವಾರ ಸಂಜೆ ಲ್ಯಾಬು ಮುಚ್ಚಿದ ಮೇಲೆ ಕೊರಿಯರಿನಲ್ಲಿ ಬಂದ ಹೆಬ್ಬೆರಳುದ್ದದ ಸೀಸೆಯನ್ನು ತೆಕ್ಕಟ್ಟೆಯ ತನ್ನ ಮನೆ ಫ್ರಿಜ್ಜಿನಲ್ಲಿ ಇಡುವಾಗ, "ಎಂತ ಅದ್?" ಎಂದ ಪಕ್ಕದ ಮನೆಯ ಬೆಳ್ಳಿಗೆ "ಹಸಿವಿಂದ್ ಅಕ್ಕಾ" ಎಂದುಬಿಟ್ಟ. ರಕ್ತದಲ್ಲಿ ಹಸಿವಿನ ಹಾರ್ಮೋನು ಇದೆಯೇ ಎಂದು ಪತ್ತೆಹಚ್ಚುವ ಆಂಟಿಬಾಡಿ ಅದು ಎಂದು ಬಿಡಿಸಿ ಹೇಳುವಷ್ಟರಲ್ಲಿ ಅವಳು ಹೊರಟಾಗಿತ್ತು.

ಬೆಳ್ಳಿಯ ಗಂಡ ಐತ ಊಟ ಬಿಟ್ಟು ತಿಂಗಳಾಗಿತ್ತು. ದೋಣಿ ಮಗುಚಿದ ದಿನ ಒಡಹುಟ್ಟಿದ ತಮ್ಮ ಮುತ್ತನ ಕೈ ಇವನ ಹಿಡಿತದಿಂದ ಜಾರಿ, ಅವನು ಕಡಲಿನ ಪಾಲಾಗಿದ್ದ. ಅಂದಿನಿಂದ ನಾಲ್ಕು ಗುಟುಕು ಗಂಜಿತಿಳಿಯಲ್ಲೇ ಜೀವ. ಆಳು ಒಣಮೀನಿನ ಹಾಗೆ ಆಗಿದ್ದ.

ಭಾನುವಾರ ಬೆಳಿಗ್ಗೆ ಫ್ರಿಜ್ಜು ತೆರೆದರೆ ಸೀಸೆ ಇಲ್ಲ. ಯತೀಶ ಬರಿಗಾಲಲ್ಲಿ ಬೆಳ್ಳಿಯ ಮನೆಗೆ ಓಡಿದ.

"ಅಕ್ಕಾ, ಸೀಸೆ ಎಲ್ಲಿತ್ತ್?"

"ಗಂಜಿಗೆ ಹಾಕ್ದೆ."

"ಅದ್ ಮದ್ದಲ್ಲ. ಹಸಿವ್ ಇತ್ತಾ ಇಲ್ಯಾ ಅಂದೇಳಿ ಕಾಂಬುದ್, ಅಷ್ಟೇ."

"ಇತ್ತ್ ಮಾರಾಯ. ಎರಡ್ ಬಟ್ಲ್ ಉಂಡ್ರ್."

ಮನುಷ್ಯರ ಬಳಕೆಗಲ್ಲ ಎಂದು ಸೀಸೆಯ ಮೇಲೆ ಬರೆದದ್ದು ಯತೀಶನಿಗೆ ನೆನಪಾಯಿತು. ಆಸ್ಪತ್ರೆಗೆಂದು ಅಣ್ಣಯ್ಯನ ರಿಕ್ಷಾ ಕರೆದ. ಅಣ್ಣಯ್ಯ ಇಳಿಯಲೇ ಇಲ್ಲ. "ಉಂಡವ್ರನ್ನ ಆಸ್ಪತ್ರಿಗೆ ಕೊಂಡೋಪುದ್ ಎಲ್ಲಾದ್ರೂ ಇತ್ತಾ? ನಮ್ಮಮ್ಮಂಗೂ ಒಂದ್ ಹನಿ ಬೇಕಿತ್ತ್" ಎಂದ. ಸುದ್ದಿ ಹಬ್ಬಿ, ಹತ್ತು ಗಂಟೆಗೆ ಯತೀಶನ ಅಂಗಳದಲ್ಲಿ ಐದು ಜನ ಲೋಟ ಹಿಡಿದು ನಿಂತಿದ್ದರು. ಅಳಿಯ ಬಂದು ಮೂರು ವಾರವಾದರೂ ಹೊರಡದ್ದರಿಂದ ಕಂಗಾಲಾಗಿದ್ದ ಪ್ರೇಮಾನಂದ ಮಾತ್ರ, ಹಸಿವು ಕಡಿಮೆ ಮಾಡುವ ಸೀಸೆ ಕೇಳಿದ.

ಐತ ಯತೀಶನನ್ನು ಹಿತ್ತಲಿಗೆ ಕರೆದೊಯ್ದ.

"ಹೆದ್ರಬೇಡ. ನಾ ಅದನ್ನ ಕುಡಿಲಿಲ್ಲೆ. ಬೆಳ್ಳಿ ಒಳಗ್ ಹೋದಾಗ ತೆಂಗಿನ ಬುಡಕ್ಕೆ ಚೆಲ್ದೆ. ಬೇರೆ ಗಂಜಿ ಬಡ್ಸ್ಕಂಡ್ ಉಂಡೆ."

"ಹಸಿವಾಯ್ತಾ ಐತಣ್ಣ?"

"ಇಲ್ಲೆ. ಒಂದ್ ಬಂಗ್ಡಿ ಮೀನನ್ನೂ ಕದ್ದವಳಲ್ಲ ಅವ್ಳ್. ಬಟ್ಲ್ ಕೊಡುವತಿಗೆ ಕೈ ನಡುಗ್ತಾ ಇತ್ತ್. ಅದನ್ ಕಂಡ್ ಹ್ಯಾಂಗ್ ಉಣ್ದೇ ಇಪ್ಪುದ್?" ಐತ ತೆಂಗಿನ ಬುಡದ ಒದ್ದೆಯ ಮೇಲೆ ಕಾಲಿನಿಂದ ಮಣ್ಣು ಎಳೆದ. ಆಮೇಲೆ, "ಮದ್ದಿಂದ್ಲೇ ಉಂಡದ್ದ್ ಅಂದೇಳಿ ಇರ್ಲಿ. ಯಾರಿಗೂ ಹೇಳ್ಬೇಡ" ಎಂದ.

ಯತೀಶ ತಲೆಯಾಡಿಸಿದ. ಅಷ್ಟರಲ್ಲಿ ಲ್ಯಾಬಿನ ಸಾರ್ ಅವರ ಫೋನು ಬಂತು. ಸೀಸೆ ತನ್ನ ಕೈಜಾರಿ ಒಡೆಯಿತೆಂದು ಯತೀಶ ಹೇಳಿದ.

"ಆರು ತಿಂಗಳು ಕಾದು ತರಿಸಿದ್ದು," ಎಂದರು ಸಾರ್. "ನಾಳೆಯಿಂದ ನೀನು ಬರುವುದು ಬೇಡ."

ಬೆಳ್ಳಿ ಜಗಲಿಯಲ್ಲಿ ಅವನಿಗೂ ಗಂಜಿ, ಮೀನುಸಾರು ಬಡಿಸಿದಳು. ಯತೀಶ ಬೆಳಗಿನಿಂದ ಏನೂ ತಿಂದಿರಲಿಲ್ಲ. ಆದರೂ ಬಟ್ಟಲನ್ನು ಬದಿಗೆ ಸರಿಸಿದ.

"ಉಂಬುಕೆ ಆತಿಲ್ಯಾ?" ಬೆಳ್ಳಿ ನೊಂದುಕೊಂಡಳು. "ಸೀಸೆ ಪೂರ್ತಿ ಅವ್ರಿಗೇ ಹಾಕ್ಬಾರ್ದಿತ್ತ್. ನಿಂಗೊಂದ್ ಹನಿ ಇಡ್ಬೇಕಿತ್ತ್ ಮಾರಾಯ."